‘ಓದಿದೆ’ ಎಂದು ಒತ್ತುವ ಮುನ್ನ

ಮಾನ್ಯ ಅಧ್ಯಕ್ಷೆ ರೇಣುಕಾದೇವಿಯವರೇ, ವೇದಿಕೆಯ ಮೇಲಿನ ಗಣ್ಯರೇ, ಯಾದಗಿರಿ, ಶಹಾಪುರ, ಸುರಪುರಗಳ ಗ್ರಂಥಪಾಲಕರೇ, ಸಭಿಕರೇ,

ನೀವು ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿರುವಾಗಲೇ ಕ್ಷಮೆ ಕೇಳಬೇಕಾಗಿದೆ. ಕಳೆದ ವಾರ ನಿಮಗೆಲ್ಲ ಬರೆದ ಪತ್ರದಲ್ಲಿ ನಾನು ‘ಏಪ್ರಿಲ್ ಮೂವತ್ತೊಂದು’ ಎಂದು ನಮೂದಿಸಿದ್ದೆ. ಅಂಥದೊಂದು ದಿನ ಯಾವ ಪಂಚಾಂಗದಲ್ಲಿಯೂ ಇಲ್ಲ. ಜೀವಮಾನವೆಲ್ಲ ಮಕ್ಕಳ ಕನ್ನಡ ಉತ್ತರಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆದವನಿಗೆ ಇದು ತಕ್ಕ ಶಾಸ್ತಿ.

ನಿಮ್ಮ ಗ್ರಂಥಾಲಯಗಳ ತಂತ್ರಾಂಶವನ್ನು ರೂಪಿಸಿದವರು ಬಾಲರಾಜರು. ಹೊಸ ಆವೃತ್ತಿ ಬಂದಾಗ ಏನೇನು ಬದಲಾಗಿದೆ ಎಂಬ ಬಿಡುಗಡೆಯ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದವನು ನಾನು. ತಂತ್ರಾಂಶ ಬರುವ ಕಟ್ಟನ್ನು ನಾನು ‘ಪೊಟ್ಟಣ’ ಎಂದಾಗ ಅವರು, “ಚುರುಮುರಿ ಪೊಟ್ಟಣ ಏನ್ರಿ ಸರ?” ಎಂದು ನಕ್ಕಿದ್ದರು. ಆದರೂ ನನ್ನ ಒಂದು ಹಟವನ್ನು ನಡೆಸಿಕೊಟ್ಟರು: ಟಿಪ್ಪಣಿ ಮೊದಲು ತೆರೆಯ ಮೇಲೆ ಬರಬೇಕು; ಅದರ ಕೆಳಗಿರುವ ‘ಓದಿದೆ’ ಎಂಬ ಗುಂಡಿಯನ್ನು ಒತ್ತುವವರೆಗೆ ಪೊಟ್ಟಣ ಬಿಚ್ಚಿಕೊಳ್ಳಬಾರದು. ಸಂದೇಹವಿದ್ದವರಿಗೆಂದು ಕೊನೆಯಲ್ಲಿ ನನ್ನ ದೂರವಾಣಿ ಸಂಖ್ಯೆ.

ಸಂದೇಹ ಯಾರಿಗೂ ಬರಲಿಲ್ಲ. ಕರೆ ಬಂದದ್ದು ಒಬ್ಬರಿಂದ ಮಾತ್ರ.

“ಸರ, ನಾನ್ರಿ, ಕೆಂಭಾವಿ ಗ್ರಂಥಾಲಯದ ಮಕ್ತುಂಬಿ. ಓದೀನ್ರಿ. ಈಗ ಒತ್ತಲೇನ್ರಿ?”

‘ಓದಿದೆ’ ಎಂದರೆ ಯಾರಿಗಾದರೂ ಹೇಳಬೇಕಲ್ಲವೆ? ಬರೆದವರಿಗೆ ತಿಳಿಸದೆ ಒತ್ತಿದರೆ ಸುಳ್ಳಾಡಿದಂತೆ ಎಂದು ಆಕೆ ಭಾವಿಸಿದ್ದರು. “ಒತ್ತಿರಿ,” ಎನ್ನುತ್ತಿದ್ದೆ. “ಒತ್ತೀನ್ರಿ. ತಿರಗಾಕತ್ತದರಿ. ಅದು ಕುಂದರತನಕ ಹೇಳ್ರಿ, ಊಟ ಆತೇನ್ರಿ? ಏನ್ ಮಾಡಿದ್ರಿ ಇವತ್ತ?” ಕೆಂಭಾವಿಯ ಯಂತ್ರ ಬಹಳ ನಿಧಾನ. ಆ ಯಂತ್ರವನ್ನು ಬದಲಿಸಬೇಕೆಂಬ ಸಲಹೆ ಬಂದಾಗ ನಾನು ಬೆಂಬಲಿಸಲಿಲ್ಲ. ಸಾರ್ವಜನಿಕ ಹಣ ನೋಡಿರಿ.

ಆವೃತ್ತಿ ಹೊರಡುವ ದಿನ ಬೆಳಿಗ್ಗೆ ನಾನು ಗಟ್ಟಿಯಾಗಿ ಏನಾದರೂ ಓದಿಕೊಳ್ಳುತ್ತಿದ್ದೆ. ಹಲವು ದಿನ ಬಳಸದ ಕಂಠ ಮೊದಲ ಮಾತಿಗೆ ಒಡೆಯುತ್ತದೆ, ಉಚ್ಚಾರ ಶುದ್ಧವಾಗಿರಬೇಕಲ್ಲವೆ? ಒಂದೇ ಆವೃತ್ತಿಯಲ್ಲಿ ಹೋಗಬಹುದಾದ ಎರಡು ತಿದ್ದುಪಡಿಗಳನ್ನು ಎರಡಾಗಿ ಕಳಿಸಿರೆಂದು ಬಾಲರಾಜರಿಗೆ ಹೇಳಿದ್ದೂ ಉಂಟು. ಓದುಗರಿಗೆ ಜೀರ್ಣವಾಗಬೇಕಲ್ಲವೆ?

ಕಳೆದ ತಿಂಗಳು ಬಾಲರಾಜರು ಮನೆಗೆ ಬಂದರು. “ಸರ, ಸಿಟ್ಟಾಗಬ್ಯಾಡ್ರಿ. ಟಿಪ್ಪಣಿ ಯಾರೂ ಓದಂಗಿಲ್ರಿ, ಗಪ್ಪನ ಒತ್ತಿಬಿಡ್ತಾರ. ಇನ್ನ ಮ್ಯಾಲ ಹೊಸಾದು ತಾನ ಕುಂದರ್ತದ. ಟಿಪ್ಪಣಿ ಒಳಗ ಇರ್ತದ, ಬೇಕಾದವ್ರು ತಗದು ನೋಡ್ತಾರ.”

“ಒಬ್ಬರು ಓದುತ್ತಾರೆ,” ಎಂದೆ.

“ಒಬ್ರ ಸಲುವಾಗಿ ಎಲ್ಲಾರ ದಾರಿಗಿ ಅಡ್ಡ ನಿಂದರೋದೇನ್ರಿ?”

ನ್ಯಾಯವಾದ ಮಾತು. ಒಪ್ಪಿದೆ. ಅದನ್ನೇ ಆ ಪತ್ರದಲ್ಲಿ ನಿಮಗೆ ತಿಳಿಸಿದ್ದೆ.

ಇಂದು ಬೆಳಿಗ್ಗೆ ಈ ಸಭಾಂಗಣದ ಬಾಗಿಲಲ್ಲಿ ಮಕ್ತುಂಬಿಯವರನ್ನು ಮೊದಲ ಬಾರಿಗೆ ಕಂಡೆ. ದನಿಯಿಂದ ಗುರುತಿಸಿದೆ. ಇನ್ನು ಮುಂದೆ ಕೇಳಿ ಒತ್ತಬೇಕಾದದ್ದೇನೂ ಇರುವುದಿಲ್ಲ, ನಿಮಗೆ ಆ ತೊಂದರೆ ತಪ್ಪಿತು ಎಂದೆ. ಅವರು ಸೆರಗು ಸರಿಪಡಿಸಿಕೊಂಡು, “ಹಂಗಾದ್ರ ನಾ ಇನ್ನ ಏನಂತ ಫೋನ್ ಮಾಡ್ಲಿರಿ?” ಎಂದರು.

ಅಷ್ಟರಲ್ಲಿ ಯಾರೋ ನನ್ನನ್ನು ವೇದಿಕೆಗೆ ಕರೆದರು.

ಇಷ್ಟು ಹೊತ್ತು ಒಬ್ಬ ಮುದುಕನ ಮಾತಿಗೆ ಕಿವಿಗೊಟ್ಟ ನಿಮ್ಮೆಲ್ಲರಿಗೂ ಕೃತಜ್ಞತೆಗಳು, ನಮಸ್ಕಾರ. ಕುಳಿತುಕೊಳ್ಳುವ ಮುನ್ನ ಪತ್ರದ ದಿನಾಂಕಗಳನ್ನು ಓದುತ್ತೇನೆ, ದಯವಿಟ್ಟು ತಿದ್ದಿಕೊಳ್ಳಿರಿ.

ಟಿಪ್ಪಣಿ ತಾನಾಗಿ ತೋರುವ ಕೊನೆಯ ದಿನ: ಏಪ್ರಿಲ್ ಮೂವತ್ತು.

ಹೊಸ ಆವೃತ್ತಿಯ ಬಿಡುಗಡೆ: ಮೇ ಮೂರಲ್ಲ, ನಾಲ್ಕು.

ಕೆಂಭಾವಿ ಗ್ರಂಥಾಲಯಕ್ಕೆ ನಾನು ಬರುವುದು, ಇದು ಪತ್ರದಲ್ಲಿ ಇರಲಿಲ್ಲ, ಸೇರಿಸಿಕೊಳ್ಳಿರಿ: ಮೇ ಐದು, ಬೆಳಗಿನ ಬಸ್ಸಿಗೆ. ಊಟ ಮಾಡಿರುವುದಿಲ್ಲ.