ಸುಬ್ರಮಣಿ ಕುಚ್ಚು ಕಲಿತಿದ್ದು

ನಗು, ನಗು. ಪೂರ್ತಿ ನಕ್ಕು ಮುಗಿಸು, ನಾನು ಕಾಯ್ತೀನಿ. ಆದ್ರೆ ಆ ಶಟರ್ ಒಂಚೂರು ಕೆಳಗೆ ಎಳಿ ಮೋಹನ. ಪಕ್ಕದ ವೆಲ್ಡಿಂಗ್ ಶಾಪ್ ಚನ್ನವೀರೇಶ ಇಣುಕಿದ ಅಂದ್ರೆ ಸಂಜೆಯೊಳಗೆ ಇಡೀ ನಾಯಂಡಹಳ್ಳಿಗೆ ಸುದ್ದಿ. ಲೇತ್ ಸುಬ್ರಮಣಿ ಡ್ರಾದಲ್ಲಿ ಗುಲಾಬಿ ದಾರದ ಉಂಡೆ ಇಟ್ಕೊಂಡಿದ್ದಾನೆ ಅಂತ. ನಿನಗ್ಯಾರು ಡ್ರಾ ತೆಗಿ ಅಂದಿದ್ದು? ಬೆಂಕಿಪೊಟ್ಟಣ ಇಲ್ಲ ಅಲ್ಲಿ. ಸಿಗರೇಟ್ ಬಿಟ್ಟೆ. ಹೂಂ ಕಣೋ, ನಿಜವಾಗ್ಲೂ ಬಿಟ್ಟೆ.

ಫೋಟೋ ಆಮೇಲೆ ನೋಡ್ತೀನಿ. ಮಡಗು ಅಲ್ಲಿ... ಎಣ್ಣೆ ಡಬ್ಬದ ಮೇಲೆ ಬೇಡ, ಪಾಪ, ಯಾರ ಮನೆ ಮಗಳೋ. ಎಲ್ಲ ಕೇಳಿಸ್ತು ನಂಗೆ. ಸುಂಕದಕಟ್ಟೆ ಹುಡುಗಿ, ಬಿ.ಕಾಂ ಓದಿದ್ದಾಳೆ, ಭಾನುವಾರ ನೋಡೋಕೆ ಹೋಗ್ಬೇಕು, ನೀನೇ ಕಾರ್ ತರ್ತೀಯ. ನಲವತ್ತು ಹತ್ರ ಬಂದಿರೋ ನನ್ನಂಥವನಿಗೆ ಹೆಣ್ಣು ಕೊಡ್ತೀವಿ ಅಂತಾರಲ್ಲ, ಅವರ ಧೈರ್ಯ ಮೆಚ್ಚಬೇಕು. ನೋಡೋಣ ಇರು. ಭಾನುವಾರ ಇನ್ನೂ ದೂರ ಇದೆ. ಮೊದಲು ಇದನ್ನ ನೋಡು. ಕೈಗೆ ತಗೋ, ಕಚ್ಚಲ್ಲ.

ಇದೇ ಕ್ರೋಶಾ. ಕಡ್ಡಿ ತುದೀಲಿ ಪುಟ್ಟ ಕೊಕ್ಕೆ ಇದೆ ನೋಡು, ಅಷ್ಟೇ ಇದರ ಟೂಲು. ದಾರ ಕೊಕ್ಕೆಗೆ ಸಿಕ್ಕಿಸು, ಕುಣಿಕೆಯೊಳಗಿಂದ ಎಳಿ. ಮತ್ತೆ ಸಿಕ್ಕಿಸು, ಮತ್ತೆ ಎಳಿ. ಮುಗೀತು. ಇಡೀ ವಿದ್ಯೆ ಇಷ್ಟೇ ಗುರು. ಈ 'ಇಷ್ಟೇ' ಅನ್ನೋದನ್ನ ಕಲಿಯೋಕೆ ನಂಗೆ ಬೆವರು ಕಿತ್ಕೊಂಡು ಬಂತು.

ಯಾಕಾ? ಅದೇ... ಸಿಗರೇಟಿಗೆ. ಬಿಟ್ಟ ಮೇಲೆ ಬೆರಳು ಸುಮ್ನಿರಲ್ಲ ಮಗಾ, ಏನಾದ್ರೂ ಹಿಡ್ಕೋ ಹಿಡ್ಕೋ ಅನ್ನುತ್ತೆ. ಯೂಟ್ಯೂಬಲ್ಲಿ ಒಬ್ರು ಆಂಟಿ ಹೇಳ್ಕೊಡ್ತಾರೆ. ಏನೂ ಗೊತ್ತಿಲ್ಲದವರಿಗೆ ಅಂತಾನೇ ಮಾಡಿರೋ ವಿಡಿಯೋ. ಅವರು ಶುರುವಲ್ಲೇ ಜಾರುಗಂಟು ಹಾಕಿ ಅಂದ್ರು. ಹಾಕ್ದೆ. ಎಳೆದೆ. ಮಾಯ! ಮತ್ತೆ ಹಾಕ್ದೆ, ಮತ್ತೆ ಮಾಯ. ನೂರು ಕೆಜಿ ಶಾಫ್ಟನ್ನ ಲೇತಿನ ಚಕ್‌ಗೆ ಕಟ್ಟೋ ನಂಗೆ ಒಂದು ಎಳೆ ದಾರ ಆಟ ಆಡಿಸ್ತು. ಕೊನೆಗೆ ಒಂದು ಗಂಟು ನಿಂತ್ಕೊಂಡಾಗ ಹೆಂಗಾಯ್ತು ಗೊತ್ತಾ, ಮೆಷಿನ್ ಆಫ್ ಮಾಡಿ ಆಚೆ ಹೋಗಿ ಒಂದು ಟೀ ಕುಡ್ಕೊಂಡು ಬಂದೆ. ಒಬ್ನೇ ನಗ್ತಾ ಇದ್ದೆ ಅಂತ ಟೀ ಅಂಗಡಿ ಕಿಟ್ಟಿ ಈಗ್ಲೂ ಹೇಳ್ತಾನೆ.

ಆಮೇಲೆ ಚೈನು. ಚೈನ್ ಬಂತು ನೋಡು, ಇನ್ನು ನನ್ನ ಹಿಡಿಯೋರಿಲ್ಲ. ಹಾಕ್ತಾ ಹೋದೆ. ತಿರುಗಿಸಿ ವಾಪಸ್ ಬರೋದು ಹೇಗೆ ಅಂತ ಇನ್ನೂ ಕಲಿತಿರ್ಲಿಲ್ಲ, ಅದಕ್ಕೆ ಮುಂದಕ್ಕೇ ಹೋದೆ. ಲೇತಿಂದ ಹೊರಟಿದ್ದು ಶಟರ್ ಹತ್ರ ಹೋಗಿ, ಡ್ರಿಲ್ಲಿಂಗ್ ಮೆಷಿನ್ನಿಗೆ ಒಂದು ಸುತ್ತು ಹಾಕ್ಕೊಂಡು ಮತ್ತೆ ನನ್ನ ಕಾಲ ಹತ್ರಾನೇ ಬಂತು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. 'ಅಣ್ಣ, ಏನಿದು, ಆಯುಧಪೂಜೆ ತಯಾರಿನಾ' ಅಂದ. ಹೂಂ ಅಂದ್ಬಿಟ್ಟೆ. ಆಗಿನ್ನೂ ಆಷಾಢ ಕಣೋ!

ಹೊಟ್ಟೆ ಹಿಡ್ಕೊಂಡು ನಗಬೇಡ, ಆ ಸ್ಟೂಲಿಂದ ಬಿದ್ದೀಯ. ಅದರ ಕಾಲು ಸರಿಯಿಲ್ಲ.

ಬಿಗಿ ಒಂದು ದೊಡ್ಡ ಸಮಸ್ಯೆ ಆಗಿತ್ತು. ಬೋಲ್ಟ್ ಟೈಟ್ ಮಾಡೋ ಕೈ ಅಲ್ವಾ ಇದು. ನಾನು ಹಾಕಿದ ಕುಣಿಕೆಯೊಳಗೆ ಕೊಕ್ಕೆ ಹೋಗ್ತಾನೇ ಇರ್ಲಿಲ್ಲ. ಜೋರಾಗಿ ತಳ್ಳಿದೆ, ಅಂಗಡಿಯಿಂದ ತಂದ ಕಡ್ಡಿ ಬಗ್ಗೋಯ್ತು. ಥೂ ಅತ್ಲಾಗೆ ಅಂತ ಹಿತ್ತಾಳೆ ರಾಡ್ ಲೇತಿಗೆ ಹಾಕಿ ನಾನೇ ಒಂದು ಕಡ್ಡಿ ಕಡೆದೆ. ಅದೇ ನಿನ್ನ ಕೈಲಿರೋದು. ತುದಿ ಮುಟ್ಟಿ ನೋಡು, ಎಮರಿ ಪೇಪರ್ ಹಾಕಿ ಉಜ್ಜಿದ್ದೀನಿ. ಒಂಚೂರು ಒರಟಿದ್ರೂ ರೇಷ್ಮೆ ಎಳೆ ಕಿತ್ಕೊಂಡ್ಬಿಡುತ್ತೆ. 'ದಾರಾನ ಹಿಡೀಬೇಡಿ, ಬೆರಳ ಮೇಲೆ ಓಡೋಕೆ ಬಿಡಿ' ಅಂದ್ಲು. ಆಮೇಲೆ ಸರಿಹೋಯ್ತು. ಸಿಗರೇಟ್ ವಾಸನೆ ದಾರಕ್ಕೆ ಹಿಡಿಯುತ್ತೆ, ಮದುವೆ ಸೀರೆಗಳು, ಬಿಟ್ಟರೆ ಕಲಿಸ್ತೀನಿ ಅಂತಾನೂ ಅಂದ್ಲು.

ಅಂದ್ರು. ಆಂಟಿ. ವಿಡಿಯೋದಲ್ಲಿ.

ವಿಡಿಯೋದವರಿಗೆ ನಾನು ಸಿಗರೇಟ್ ಸೇದೋದು ಹೇಗೆ ಗೊತ್ತಾಗುತ್ತೆ ಅಂತೀಯಾ? ಎಲ್ರಿಗೂ ಸೇರಿಸಿ ಹೇಳೋದಪ್ಪ ಅದು. ನೀನೊಳ್ಳೆ ಲಾಯರ್ ಥರ ಆಡ್ತೀಯ. ಟೀ ತರಿಸ್ಲಾ? ಬೇಡ್ವಾ. ಸರಿ.

ಇದು ನೋಡು, ಇದು ನನ್ನ ಮೊದಲ ಸಾಧನೆ. ಟೀ ಲೋಟದ ಕೆಳಗೆ ಇಡೋಕೆ ಅಂತ ದುಂಡಗೆ ಶುರು ಮಾಡ್ದೆ. ಪ್ರತಿ ಸುತ್ತಿಗೂ ಒಂದಷ್ಟು ಕುಣಿಕೆ ಹೆಚ್ಚಿಸ್ತಾ ಹೋಗ್ಬೇಕಂತೆ, ಇಲ್ಲಾಂದ್ರೆ ಅಂಚು ಮೇಲಕ್ಕೆ ಏಳುತ್ತಂತೆ. ನನಗೇನು ಗೊತ್ತು. ಎದ್ದೇ ಬಿಡ್ತು. ಲೋಟದ ಕೆಳಗೆ ಇಡ್ಬೇಕಾದ್ದು ಲೋಟದ ಟೋಪಿ ಆಯ್ತು. ನಾನೇನು ಸೋಲ್ಲಿಲ್ಲ, ಎಣ್ಣೆ ಕ್ಯಾನಿಗೆ ಹಾಕ್ದೆ. ಧೂಳು ಬೀಳಲ್ಲ.

ಅಯ್ಯೋ, ಅಮ್ಮನ ಸೀರೆ ಕಥೆ ಹೇಳ್ಲೇ ಇಲ್ಲ ನಿಂಗೆ. ಸ್ವಲ್ಪ ಕೈ ಪಳಗಿತ್ತಾ, ಸೀರೆ ಸೆರಗಿಗೆ ಕುಚ್ಚು ಹಾಕೇ ಬಿಡೋಣ ಅಂತ ಅಮ್ಮನ ಹಸಿರು ಸೀರೆ ತಗೊಂಡೆ, ಬೀರುವಿಂದ, ಹೇಳದೆ. ಅಂಚಿಗೆ ಒಂದು ಸಾಲು ಚೈನು, ಅದರಿಂದ ಕಮಾನು ಕಮಾನು, ಒಂದೊಂದು ಕಮಾನಿಗೆ ಒಂದು ಮಣಿ, ಕೆಳಗೆ ಕುಚ್ಚು. ಎಷ್ಟು ಚೆನ್ನಾಗಿ ಬಂತು ಅಂದ್ರೆ ನಂಗೇ ದೃಷ್ಟಿ ತೆಗೀಬೇಕು ಅನ್ಸ್ತು. ಮಡಿಚಿ ಹಾಗೇ ಇಟ್ಟೆ, ಅಮ್ಮ ನೋಡಿ ಖುಷಿಪಡ್ಲಿ ಅಂತ. ನಮ್ಮಮ್ಮ ರಾಮಮ್ಮನವರು ಚಂದ್ರಾ ಲೇಔಟಲ್ಲಿ ಯಾವುದೋ ಮದುವೆ ಅಂತ ಆತುರಾತುರವಾಗಿ ಅದನ್ನೇ ಉಟ್ಕೊಂಡು ಹೋದ್ರು. ಛತ್ರದಿಂದ ಫೋನ್. 'ಸುಬ್ಬೂ, ಸೊಂಟದಲ್ಲಿ ಏನೋ ಚುಚ್ತಾ ಇದೆ ಕಣೋ, ಇರುವೆನೋ ಏನೋ, ಊಟಕ್ಕೆ ಕೂರೋಕಾಗ್ತಿಲ್ಲ.'

ಸೀರೆಗೆ ಎರಡು ತುದಿ ಅಂತ ನಂಗೆ ಹೊಳೀಲೇ ಇಲ್ಲ ಮಗಾ! ಒಳಗೆ ಸಿಕ್ಕಿಸ್ತಾರಲ್ಲ, ಆ ತುದಿಗೆ ಹಾಕ್ಬಿಟ್ಟಿದ್ದೀನಿ. ಅಷ್ಟೂ ಮಣಿ ಅಮ್ಮನ ಸೊಂಟದಲ್ಲಿ!

ಉಸಿರು ತಗೋ. ಕಣ್ಣೊರೆಸ್ಕೋ. ಇದನ್ನ ಹೇಳ್ದಾಗ ಅನೂನೂ ಹಿಂಗೇ... ಅನು ಅವರೂ ಹಿಂಗೇ ನಕ್ಕಿರ್ತಿದ್ರು, ಕೇಳಿದ್ರೆ. ಅಂದೆ.

ಹೂಂ, ಅವರನ್ನೇ ಕೇಳ್ಬಹುದಿತ್ತು, ಗೊತ್ತು. ಮನೇಲಿ ನಿನ್ನ ತಂಗಿ ಅರ್ಧ ಮೂಡಲಪಾಳ್ಯದ ಸೀರೆಗೆ ಕುಚ್ಚು ಹಾಕ್ತಾರೆ, ನಾನು ಯೂಟ್ಯೂಬ್ ಯಾಕೆ ನೋಡ್ಬೇಕು ಅಂತ. ಅವರಿಗ್ಯಾಕೆ ತೊಂದರೆ ಅಂತ ಸುಮ್ನಾದೆ. ಆರ್ಡರ್ ಮೇಲೆ ಆರ್ಡರ್ ಇರುತ್ತೆ. ಹೋಗಿದ್ದೆ, ಹೋಗಿಲ್ಲ ಅನ್ನಲ್ಲ, ನೀನೇ ಅಲ್ವಾ ಕಳಿಸಿದ್ದು, ಸೀರೆ ಹಿಡಿದು ನಿಲ್ಲಿಸೋಕೆ ಕಬ್ಬಿಣದ ಸ್ಟ್ಯಾಂಡ್ ಬೇಕಂತೆ ಮಾಡ್ಕೊಡು ಅಂತ. ಮಾಡ್ದೆ. ಅದರ ಒಂದು ಕಾಲು ಗಿಡ್ಡ ಆಗಿತ್ತು, ಸರಿಮಾಡೋಕೆ ಹೋದೆ. ಆಮೇಲೆ ಉಳಿದ ಮೂರು ಕಾಲು ಗಿಡ್ಡ ಅನ್ನಿಸ್ತು. ಹಿಂಗೇ ಒಂದೆರಡು ಸಲ... ನಾಲ್ಕೈದು ಸಲ. ಕೆಲಸ ಅಂದ್ಮೇಲೆ ನೀಟಾಗಿರ್ಬೇಕಲ್ವಾ.

ಏನು? ಸುಳ್ಳಾ? ಇದೆಲ್ಲ ಅಂಗಡೀಲಿ ಕೊಂಡ್ಕೊಂಡು ಬಂದಿದ್ದೀನಿ ಅಂತೀಯಾ? ಈ ಕೈಲಿ ಇದು ಬರೋಕೆ ಸಾಧ್ಯಾನೇ ಇಲ್ಲ? ಲೇ, ಕೊಡು ಇಲ್ಲಿ ಕಡ್ಡಿ. ದಾರ ಕೊಡು. ನೋಡು ಈಗ. ಗಂಟು... ಚೈನು... ಚೈನು... ತಿರುಗಿಸ್ದೆ, ವಾಪಸ್ ಬಂದೆ. ಮೊಬೈಲ್ ನೋಡ್ದೆ ಹಾಕ್ತಾ ಇದ್ದೀನಿ ನೋಡು. ಕಣ್ಣು ಮುಚ್ಕೊಂಡೂ ಹಾಕ್ತೀನಿ. ಇದು ಡಬಲ್, ಒಂದು ಸುತ್ತು ಜಾಸ್ತಿ. ಇದಕ್ಕೆ ಮಣಿ ಸೇರಿಸಿದ್ರೆ... ಏನಂತೀಯ ಈಗ? ಹೇಳು.

ಮೋಹನ?

ಯಾಕೆ ನಗೋದು ನಿಲ್ಲಿಸ್ಬಿಟ್ಟೆ? ಚೆನ್ನಾಗಿಲ್ವಾ? ಒಂದು ಕುಣಿಕೆ ಸಡಿಲ ಆಯ್ತು, ಅದು ಬಿಡು, ಮಾತಾಡ್ತಾ ಹಾಕ್ದೆ. ಕೈ ಯಾಕೆ ನೋಡ್ತಾ ಇದ್ದೀಯ? ಕೈಗೇನಾಗಿದೆ? ಗ್ರೀಸಾ? ತೊಳ್ಕೊಂಡೇ ಕೂತಿದ್ದೀನಿ...

ಓ.

ಎಡಗೈ.

ಅದು... ಯೂಟ್ಯೂಬಲ್ಲಿ ಒಂದೊಂದು ವಿಡಿಯೋ ಉಲ್ಟಾ ಬರುತ್ತೆ ಕಣೋ. ಕನ್ನಡೀಲಿ ಬಂದ ಹಾಗೆ. ನೋಡಿ ನೋಡಿ ಹಾಗೇ ಅಭ್ಯಾಸ... ಬೇಡ. ಬಿಡು. ನಿನ್ನ ಮುಖ ನೋಡ್ಕೊಂಡು ಇನ್ನೊಂದು ಸುಳ್ಳು ಹೇಳೋಕಾಗಲ್ಲ. ಬರೆಯೋದು, ಉಣ್ಣೋದು, ಲೇತ್ ತಿರುಗಿಸೋದು ಎಲ್ಲ ಬಲಗೈಲೇ, ಮೂರನೇ ಕ್ಲಾಸಿಂದ ನೋಡಿದ್ದೀಯ ನೀನು. ಎಡಗೈಲಿ ಕ್ರೋಶಾ ಹಾಕೋರು ನಮ್ಮ ಕಡೆ ಒಬ್ರೇ. ಅದೂ ನಿಂಗೊತ್ತು.

ಅನು ಕಲಿಸಿದ್ದು.

ಕದ್ದುಮುಚ್ಚಿ ಅಲ್ಲ. ನೀನು ಟೈಲ್ಸ್ ಅಂಗಡಿಗೆ ಹೋದ್ಮೇಲೆ ಹೋಗ್ತಿದ್ದೆ, ಅದು ನಿಜ. ಆದ್ರೆ ಬಾಗಿಲು ತೆಗೆದಿರ್ತಿತ್ತು, ನಿಮ್ಮಮ್ಮ ಅಲ್ಲೇ ಸೊಪ್ಪು ಬಿಡಿಸ್ತಾ ಇರ್ತಿದ್ರು. ಕಾಫಿ ಕೊಡ್ತಿದ್ರು. ಅವರಿಗೆ ಗೊತ್ತಾಗಿದೆ ಅನ್ಸುತ್ತೆ. ಹೋದ ವಾರ ನನ್ನ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳ್ಲೇ ಇಲ್ಲ, ಸರಿಯಾಗಿ ಹಾಕ್ಕೊಂಡು ಬಂದ್ರು. ನಿಮ್ಮಪ್ಪ ಕೆಂಚಪ್ಪನವರಿಗೆ ಮಾತ್ರ ಗೊತ್ತಿಲ್ಲ. ಅವರೆದುರು ನಿಂತು ಹೇಳೋ ಧೈರ್ಯ ನಂಗಿಲ್ಲ, ಅದಕ್ಕೇ ಮೊದಲು ನಿನಗೆ ಹೇಳ್ಬೇಕು ಅಂತ ಇದ್ದೆ, ದಿನಾ ಅಂದ್ಕೋತಿದ್ದೆ, ದಿನಾ ಬೇರೆ ಏನಾದ್ರೂ ಮಾತಾಡಿ ಕಳಿಸ್ತಿದ್ದೆ. ನೀನು ನೋಡಿದ್ರೆ ಇವತ್ತು ಫೋಟೋ ಹಿಡ್ಕೊಂಡು ಬಂದೆ.

ಬೈಯ್ಯೋದಾದ್ರೆ ಬೈಯ್ಯೋ. ನಮ್ಮದು ಬಾಡಿಗೆ ಮನೆ, ನಿಮ್ಮದು ಮೂರಂತಸ್ತು, ಎಲ್ಲ ನಂಗೆ ಗೊತ್ತಿರೋದೇ. ಅದನ್ನ ನೀನು ಅನ್ನಲ್ಲ ಅಂತಾನೂ ಗೊತ್ತು. ಇನ್ನೇನೋ ಯೋಚಿಸ್ತಾ ಇದ್ದೀಯ ನೀನು. ಅವಳು ಒಂದು ಸಲ ಪಟ್ಟಿದ್ದು ಸಾಕು ಅಂತ. ಆ ಗಂಡನ ಮನೇಲಿ ಎಡಗೈಲಿ ಬಡಿಸ್ತಾಳೆ, ಎಡಗೈಲಿ ಕುಂಕುಮ ಕೊಡ್ತಾಳೆ ಅಂತ ಕೈಗೆ ಸೌಟಲ್ಲಿ ಹೊಡೀತಿದ್ರಂತಲ್ಲ. ನಂಗೆ ಅವಳೇ ಹೇಳಿದ್ಲು. ತಲೆ ಎತ್ತದೆ, ಕುಚ್ಚು ಹಾಕ್ತಾ ಹಾಕ್ತಾ ಹೇಳಿದ್ಲು. ಅಲ್ಲಿಂದ ಬಿಟ್ಟು ಬಂದಾಗಿಂದ ನಕ್ಕಿದ್ದೇ ನೋಡಿಲ್ಲ ಅಂತ ನೀನೇ ನನ್ನ ಹತ್ರ ಅತ್ತಿದ್ದೆ, ಇದೇ ಸ್ಟೂಲ್ ಮೇಲೆ ಕೂತ್ಕೊಂಡು. ಈಗ ನಗ್ತಾಳೆ ಅಲ್ವಾ? ನೀನು ಕೇಳಿರ್ತೀಯ. ಫೋನಲ್ಲಿ ಏನೋ ನೋಡ್ತಾ ನಗ್ತಾಳೆ ಅಂದ್ಕೊಂಡಿದ್ದೀಯ. ಅದು ನಮ್ಮಮ್ಮನ ಸೊಂಟ ಕಣೋ!

ಅವಳನ್ನ ಕಂಡ್ರೆ ನಂಗೆ ತುಂಬಾ ಇಷ್ಟ ಮೋಹನ. ಇನ್ನೇನೂ ಸುತ್ತಿ ಬಳಸಿ ಹೇಳೋಕೆ ಬರಲ್ಲ.

ಒಂದು ವಿಷಯ ಗೊತ್ತಾ, ಸ್ಕೂಲಿಂದ ನಿನ್ನ ಮಚ್ಚಾ ಅಂತಾನೇ ಕರೀತಿದ್ದೆ. ಈಗೊಂದಷ್ಟು ದಿನದಿಂದ ಬಾಯಿಗೇ ಬರ್ತಿಲ್ಲ ಆ ಮಾತು. ಇವತ್ತು ಬಂದಾಗಿಂದ ಒಂದು ಸಲಾನೂ ಅಂದಿಲ್ಲ, ಗಮನಿಸಿದ್ಯಾ? ತಮಿಳಲ್ಲಿ ಹೆಂಡತಿ ಅಣ್ಣತಮ್ಮಂದಿರನ್ನ ಹಾಗೆ ಕರೆಯೋದಂತೆ. ಟೀ ಅಂಗಡಿ ಕಿಟ್ಟಿ ಹೇಳ್ದ. ಅವತ್ತಿಂದ ನಿನ್ನ ಕರೆಯೋಕೆ ನಂಗೆ ನಾಚಿಕೆ.

ಫೋಟೋ ವಾಪಸ್ ನಿನ್ನ ಜೇಬಿಗೆ ಹಾಕ್ಕೊಂಡೆ ನೀನು. ಸಿಟ್ಟಿಗಾ? ಎದ್ದು ಹೋಗ್ತೀಯಾ? ಇಲ್ಲ... ಕೂತೇ ಇದ್ದೀಯ. ಏನು? ಮತ್ತೆ ಕೈಯನ್ನೇ ತೋರಿಸ್ತೀಯ. ಬಲಗೈಯೋನು ಎಡಗೈಲಿ ಯಾಕೆ ಕಲಿತೆ ಅಂತಾನಾ?

ಕೊನೇವರೆಗೂ ಎದುರಿಗೇ ಕೂತಿದ್ರೆ ಬಲಗೈಗೇ ಬರ್ತಿತ್ತು ಕಣೋ. ಮೊದಲ ದಿನ ಅವಳೇ ಹೇಳಿದ್ಲು, 'ನಾನು ಎಡಚಿ, ನೀವು ಎದುರಿಗೆ ಕೂತ್ಕೊಂಡು ನೋಡಿ, ಕನ್ನಡೀಲಿ ನೋಡಿದ ಹಾಗೆ ನಿಮ್ಮ ಕೈಗೆ ಸರಿಹೋಗುತ್ತೆ' ಅಂತ. ಎದುರಿಗೇ ಕೂತಿದ್ದೆ. ಹಾಗೇ ನಡೀತಿತ್ತು. ಆಮೇಲೆ ಒಂದಿನ ಹೋದಾಗ ದಿವಾನ್ ಮೇಲೆ ಅವಳ ಪಕ್ಕ ಯಾರದೋ ಧಾರೆ ಸೀರೆ ಹರಡಿತ್ತು. ಅದನ್ನ ನಿಧಾನವಾಗಿ ಮಡಿಚಿ ಆ ಕಡೆ ಇಟ್ಲು. ಜಾಗ ಮಾಡಿ, ಮತ್ತೆ ತಲೆ ಬಗ್ಗಿಸಿ ಅವಳ ಪಾಡಿಗೆ ದಾರ ಎಳೀತಾ ಕೂತ್ಲು.

ನಾನು ಎದ್ದು ಹೋಗಿ ಅಲ್ಲಿ ಕೂತೆ. ಅವತ್ತಿಂದ ಎಡಗೈ.