ಕಿರಿಯ ವಿಭಾಗದ ಕೋಣ

ಬೆಳಿಗ್ಗೆ ಒಂಬತ್ತೂವರೆ. ಕೊರೋನಾದಿಂದಾಗಿ ಆ ವಾರದ ಕಂಬಳ ಎರಡನೆಯ ಸಲ ಮುಂದಕ್ಕೆ ಹೋಗಿತ್ತು. ಗುರುವಾಯನಕೆರೆಯ ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ, ನಲ್ಲಿ ಕೊಳ್ಳಲು ಬಂದ ದಮಯಂತಿಯ ಮುಂದೆ ಅವಳು ಬಲ್ಲ ಇಬ್ಬರಿದ್ದರು: ನಾರಾವಿಯ ಕೋಣಗಳ ಯಜಮಾನ ಧರ್ಣಪ್ಪ ಮತ್ತು ಅವುಗಳನ್ನು ಓಡಿಸುವ ಅಶ್ವಿತ್.

“ಹೊಸ ತಾರೀಕಿನೊಳಗೆ ಕಾಳನಿಗೆ ದೊಡ್ಡ ಹಲ್ಲು ಬರ್ತದೆ, ಧರ್ಣಪ್ಪಣ್ಣ. ಹಾಲುಹಲ್ಲು ಹೋದರೆ ಕಿರಿಯ ವಿಭಾಗಕ್ಕೆ ಬಿಡುವುದಿಲ್ಲ.”

“ಬಂದಾಯ್ತು ಮಾರಾಯ. ನಿನ್ನೆ ನೋಡಿದೆ, ಎರಡು ಉಂಟು.”

“ಹಾಗಾದರೆ ಹಿರಿಯದರಲ್ಲಿ ಓಡಿಸುವ.”

“ಅಲ್ಲಿ ಬೇರೆ ಕೋಣಗಳ ಬಾಲ ನೋಡಿಕೊಂಡು ಬರುವುದಾ? ಈ ಒಂದು ಮೆಡಲಿಗೆ ಮೂರು ವರ್ಷ ಸಾಕಿದ್ದೇನೆ. ಒಂದು ಅರ ತೆಗೊಳ್ಳುವ.”

“ಅರ ಯಾಕೆ?”

“ಹಲ್ಲು ಉಜ್ಜಿ ಸಣ್ಣ ಮಾಡುವ. ಹಾಲುಹಲ್ಲಿನ ಹಾಗೆ ಕಾಣ್ತದೆ.”

“ದನದ ಡಾಕ್ಟ್ರು ಒಪ್ಪಿದರಾ?”

“ಡಾಕ್ಟ್ರಿಗೆ ಹೇಳುವ ವಿಷಯವಾ ಇದು?”

“ಜೀವ ಹೋಗುವಷ್ಟು ನೋವಾಗ್ತದೆ ಅದಕ್ಕೆ. ಬಾಯಿಗೆ ಕೈ ಹಾಕಲು ಅದು ಯಾರನ್ನೂ ಬಿಡುವುದಿಲ್ಲ.”

“ನಿನ್ನನ್ನು ಬಿಡ್ತದಲ್ಲ.”

“ಅದಕ್ಕಾ ನನ್ನನ್ನು ಬೆಳಿಗ್ಗೆಯೇ ಕರೆದದ್ದು?”

“ಕಂಬಳದಲ್ಲಿ ಹಗ್ಗ ಹಿಡಿದು ಓಡಲು ಬೇರೆ ಜನವೂ ಉಂಟು, ಅಶ್ವಿತ್. ಪಾಣೆಮಂಗಳೂರಿನವ ನಿನ್ನೆ ಸಹ ಫೋನ್ ಮಾಡಿದ್ದ.”

ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು.

“ಕಾಳನಿಗೆ ಬೆಳಗಿನ ಹುರುಳಿ ಹಾಕಿದ್ದೀರಾ?”

“ಇಲ್ಲ. ನೀನೇ ಹಾಕು. ನಿನ್ನ ಕೈ ಕಂಡರೆ ಬಾಯಿ ತೆರೀತದೆ.”

ಅಂಗಡಿಯವನು ಸಣ್ಣ ಅರವೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಧರ್ಣಪ್ಪ ಬೈಕ್ ಹತ್ತಿದರು. ಅಶ್ವಿತ್ ಪೊಟ್ಟಣ ಹಿಡಿದು ಹಿಂದೆ ಕುಳಿತ. ಬೈಕ್ ನಾರಾವಿಯ ಕಡೆಗೆ ಹೋಯಿತು.