ಚಂದ್ರಹಾಸನ ಸರ್ವರ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು ನಮ್ಮ ಚಿಕ್ಕಮ್ಮನ ಮಗ ಕಲ್ಲೇಶನಿಗೆ, ಹೈದರಾಬಾದಿನಲ್ಲಿ. ಸಾಫ್ಟ್‌ವೇರ್ ಕಂಪನಿಗಳು ಕರೆದು ಕರೆದು ಕೆಲಸ ಕೊಡುತ್ತಿದ್ದ ಕಾಲ.

ಸೆಕೆಂಡ್ ಶಿಫ್ಟ್ ಮುಗಿಸಿ ನಾಚಾರಂನಲ್ಲಿ ಬಸ್ಸಿಳಿದವನು ಕಾರ್ಖಾನೆಗಳ ಹಿಂದಿನ ಹಾಳುಬಾವಿ ದಾಟುತ್ತಿದ್ದ. ಕರೆಂಟು ಹೋಗಿತ್ತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಬಾಗಲಕೋಟೆಯಿಂದ ಅಹಲ್ಯಾ.

ಆ ಹೆಸರು ಕಂಡರೇ ಇವನು ಫೋನೆತ್ತಲು ಹಿಂಜರಿಯುತ್ತಿದ್ದ. ಕಾರಣ ಇತ್ತು.

ಅವಳ ಗಂಡ ಚಂದ್ರಹಾಸ ಇವನ ಜೊತೆಗೇ ರೂಮಿನಲ್ಲಿದ್ದವನು. ಇಬ್ಬರೂ ಸೇರಿ ಮೂರು ಹಳೇ ಕಂಪ್ಯೂಟರುಗಳನ್ನು ಸರ್ವರ್ ಮಾಡಿಟ್ಟಿದ್ದರು. ಎರಡು ಕಲ್ಲೇಶನವು, ಒಂದು ಚಂದ್ರಹಾಸನದು. ನೆಟ್ ಕನೆಕ್ಷನ್ ಮಾತ್ರ ಒಂದೇ. ನೆಟ್‌ನಲ್ಲಿ ಹೊರಗಿನಿಂದ ಬಂದವರನ್ನು ಯಾವ ಕಂಪ್ಯೂಟರಿಗೆ ಕಳಿಸಬೇಕು ಅಂತ ಒಂದೊಂದಕ್ಕೂ ಬೇರೆ ನಂಬರ್ ಕೊಟ್ಟು ರೂಟರಿಗೆ ಹೇಳಿಡಬೇಕು. ಕಲ್ಲೇಶ ತನ್ನ ಎರಡಕ್ಕೂ ಹೇಳಿಟ್ಟಿದ್ದ.

ಚಂದ್ರಹಾಸ ಹುಟ್ಟಲಿರುವ ಕೂಸಿಗೆ ಜೋಗುಳ ಹಾಡಿ ತನ್ನದರಲ್ಲಿ ತುಂಬಿಟ್ಟಿದ್ದ. ಹೆರಿಗೆಗೆ ತವರಿಗೆ ಹೋದ ಹೆಂಡತಿ ಅಲ್ಲಿಂದಲೇ ಕೇಳಲಿ ಅಂತ ಅಡ್ರೆಸ್ಸನ್ನೂ ಕೊಟ್ಟಿದ್ದ.

"ನಂದೂ ಒಂದ್ ತೆರದ್ ಕೊಡೋ."

"ನಾಳೆ ಮಾಡ್ತೀನಿ ಬಿಡು."

ಐದು ನಿಮಿಷದ ಕೆಲಸ. ಆ ನಾಳೆ ಬರಲೇ ಇಲ್ಲ. ಪಟಾನ್‌ಚೆರು ರಸ್ತೆಯಲ್ಲಿ ಲಾರಿ ಬಡಿದು ಚಂದ್ರಹಾಸ ಹೋಗಿಬಿಟ್ಟ. ತನ್ನ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಕಲ್ಲೇಶ ಅವನ ಡಿಸ್ಕನ್ನು ಬಿಚ್ಚಿ, ಅಳಿಸಿ, ತನ್ನದಕ್ಕೆ ಹಾಕಿಕೊಂಡ. ಜೋಗುಳ ನೆನಪಾಗುವಷ್ಟರಲ್ಲಿ ಎಲ್ಲ ಅಳಿಸಿಹೋಗಿತ್ತು. ಅಹಲ್ಯಾ ಕೇಳಿದಾಗ, "ಡಿಸ್ಕ್ ಸುಟ್ಟು ಹೋಗೇತ್ರಿ ವೈನಿ," ಅಂದಿದ್ದ.

ಈಗ ಫೋನೆತ್ತಿದರೆ ಅವಳು ಪಿಸುಗುಟ್ಟಿದಳು. ಮಡಿಲಲ್ಲಿ ಕೂಸು ಮಲಗಿತ್ತೇನೋ.

"ಅಣ್ಣಾರ... ಭಾಳ ಉಪಕಾರ ಆತ್ರಿ. ಇವತ್ತು ತೆರೀತು."

"ಏನ್ ತೆರೀತ್ರಿ?"

"ಅವ್ರು ಕೊಟ್ಟಿದ್ದ ಅಡ್ರೆಸ್ಸು. ನಮ್ಮಣ್ಣನ ಕಂಪ್ಯೂಟರ್‌ನಾಗ ಹಾಡು ಬರಾಕತ್ತಾವು. ಕೇಳ್ರಿ..."

ಕಲ್ಲೇಶ ಬಾವಿಕಟ್ಟೆ ಹಿಡಿದು ನಿಂತ. ಚಂದ್ರಹಾಸನದೇ ದನಿ. ನಡುವೆ ಒಮ್ಮೆ ಗಂಟಲು ಸರಿಮಾಡಿಕೊಂಡ... ಮತ್ತೆ ಹಾಡಿದ.

ಫೋನು ಕಿವಿಗಿಟ್ಟುಕೊಂಡೇ ಕಲ್ಲೇಶ ರೂಮಿಗೆ ಓಡಿದ. ಓಣಿಗೆ ಓಣಿಯೇ ಕತ್ತಲು. ಬೀಗ ತೆಗೆದ. ಒಳಗೆ... ಟಿಕ್... ಟಿಕ್... ಕಿರ್ರ್... ಡಿಸ್ಕು ತಿರುಗುವ ಸದ್ದು. ಡಿಸ್ಕೂ ಇಲ್ಲದ, ಕರೆಂಟೂ ಇಲ್ಲದ ಚಂದ್ರಹಾಸನ ಡಬ್ಬಿಯಿಂದ. ಮೇಲೆ ಕೈಯಿಟ್ಟ. ಬೆಚ್ಚಗಿತ್ತು.

"ವೈನಿ..." ಅಂದ ಮೆಲ್ಲಗೆ. "ಸುಳ್ಳ ಹೇಳಿದ್ದೆ. ಡಿಸ್ಕ್ ಸುಟ್ಟಿರಲಿಲ್ಲ. ನಾನ ಅಳಿಸಿದ್ದೆ."

ಕಿರ್ರ್ ನಿಂತಿತು. ಫೋನಿನ ಹಾಡೂ ನಿಂತಿತು. ಅಹಲ್ಯಾ ಫೋನು ಇಟ್ಟಳು.

ಆಮೇಲೆ ಆ ಅಡ್ರೆಸ್ಸು ಯಾವತ್ತೂ ತೆರೆಯಲಿಲ್ಲ. ಅವಳು ಕ್ಷಮಿಸಿದಳೋ ಇಲ್ಲವೋ, ಕೇಳುವ ಮುಖ ಇವನಿಗಿಲ್ಲ.

ಆದರೆ ಅವಳ ಅಣ್ಣ ಆ ರಾತ್ರಿ ಒಂದು ಹಾಡನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಬಾಗಲಕೋಟೆಗೆ ಹೋದಾಗ ನನ್ನ ಈ ಕಿವಿಯಿಂದಲೇ ಕೇಳಿದ್ದೇನೆ, ಸುಳ್ಳಾದರೆ ಕೇಳಿ. ಹಾಡಿನಲ್ಲಿ ಎರಡು ಸಲ ಕೂಸಿನ ಹೆಸರು ಬರುತ್ತದೆ. ಶಿವದೇವಿ. ಆ ಹೆಸರಿಟ್ಟದ್ದು ಚಂದ್ರಹಾಸ ಸತ್ತ ಮೇಲೆ.